ಲೈಸೆನ್ಸ್ ಬೇಡದವನು ಬಂದ ಹಂಗಾಮು

ಸವಿತಾ ಬ್ರೇಕ್ ಒತ್ತುವ ಮೊದಲೇ ಲಾರಿಯ ಮುಂದಿನ ಚಕ್ರ ಸೊಪ್ಪಿನ ಮೇಲೆ ಹತ್ತಿತ್ತು. ಚಿನಕುರಳಿ ದಾಟಿ, ಕಾಲುವೆ ಸೇತುವೆಗೆ ಇನ್ನೂ ದೂರವಿರುವಾಗಲೇ, ರಸ್ತೆಯ ಎಡ ಮಗ್ಗುಲಿಗೆ ಲಕ್ಕಿ ಗಿಡದ ಒಂದು ಕೊಂಬೆ ಬಿದ್ದಿತ್ತು. ಟೈರಿಗೆ ಸಿಕ್ಕಿ ಎಲೆ ಅರೆದು, ಆ ಕಟು ವಾಸನೆ ಕಿಟಕಿಯಿಂದ ಒಳಗೆ ನುಗ್ಗಿತು.

"ನಿಲ್ಸು," ಅಂದೆ.

"ಬರೀ ಸೊಪ್ಪು ಸಾ."

"ರಸ್ತೇಲಿ ಸೊಪ್ಪಿದ್ರೆ ಏನರ್ಥ?"

"ಮುಂದೆ ಯಾವ್ದೋ ಗಾಡಿ ಕೆಟ್ಟು ನಿಂತದೆ ಅಂತ."

"ಗೊತ್ತಿದ್ದೂ ಹತ್ತಿಸ್ದಲ್ಲ?"

"ತಲೆಗೆ ಗೊತ್ತಿತ್ತು ಸಾ, ಕಾಲಿಗೆ ಗೊತ್ತಾಗೋದು ಲೇಟಾಯ್ತು."

ಸವಿತಾ ಕೆ.ಆರ್. ಪೇಟೆಯವಳು. ಶಾಲೆ ಬಸ್ಸು ಓಡಿಸುವ ಕೆಲಸ ಸಿಗುತ್ತದೆ ಎಂದು ಹೆವಿ ಲೈಸೆನ್ಸಿಗೆ ಕಲಿಯಲು ನನ್ನ ಹತ್ತಿರ ಬರುತ್ತಾಳೆ. ಪಾಂಡವಪುರದಲ್ಲಿ ನನ್ನದೊಂದು ಡ್ರೈವಿಂಗ್ ಸ್ಕೂಲಿದೆ. ಈ ಸುತ್ತಿನಲ್ಲಿ ಲಾರಿ, ಟ್ರಾಕ್ಟರು ಓಡಿಸುವವರಲ್ಲಿ ಬಹಳ ಜನ ನನ್ನಿಂದ ಬೈಸಿಕೊಂಡೇ ಕಲಿತವರು. ಅವರಿಗೆಲ್ಲ ನಾನು ಮೇಷ್ಟ್ರು. ಸವಿತಾಗೆ ಮಾತ್ರ ಸಾರು, ಅದರಲ್ಲೂ ಅರ್ಧ.

ವಾಸನೆ ನೆನಪನ್ನು ಹೊತ್ತು ತರುತ್ತದೆ ಎಂದು ಬರೆಯುವವರನ್ನು ನಾನು ನಂಬುವುದಿಲ್ಲ. ನನಗೆ ಆ ವಾಸನೆ ತಂದದ್ದು ಸಿಟ್ಟನ್ನು. ನೆನಪನ್ನು ಆಮೇಲೆ ನಾನೇ ಕೂತು ಜೋಡಿಸಿದ್ದು. ಜೋಡಿಸುವಾಗ ಎಲ್ಲಿ ಅಂದ ಬರುತ್ತದೋ ಅಲ್ಲಿ ನನ್ನ ಮೇಲೆಯೇ ಅನುಮಾನ ಬರುತ್ತದೆ. ಯಾಕೆ ಎಂಬುದು ಮುಂದೆ ಗೊತ್ತಾಗುತ್ತದೆ.

ಕಬ್ಬು ಅರೆಯುವ ಒಂದು ಹಂಗಾಮಿನ ಮಾತಿದು. ತೀರಾ ಹಳೆಯದಲ್ಲ. ಮಳೆ ನಿಂತು, ಗದ್ದೆಯಲ್ಲಿ ನೀರು ಇನ್ನೂ ಇರುವಾಗಲೇ ಬೆಳಗಿನ ಚಳಿ ಶುರುವಾಗಿತ್ತು. ಕ್ಯಾತನಹಳ್ಳಿ ಕಡೆಯಿಂದ ಕಬ್ಬಿನ ಟ್ರಾಕ್ಟರುಗಳು ಎರಡೆರಡು ಟ್ರೈಲರ್ ಎಳೆದುಕೊಂಡು ಫ್ಯಾಕ್ಟರಿಗಳ ದಾರಿ ಹಿಡಿದಿದ್ದವು. ರಸ್ತೆ ತುಂಬ ಸೋಗೆ, ಸೆಗಣಿ, ಬಿದ್ದ ಜಲ್ಲೆ. ಆಗ ಬಂದದ್ದು ಆ ಲಾರಿ.

ಲಾರಿ ಅಂದರೆ ಲಾರಿ ಹಾಗಿರಲಿಲ್ಲ. ಮೈತುಂಬ ಕಪ್ಪು ಬಿಳಿ ಸುರುಳಿ ಸ್ಟಿಕ್ಕರು ಅಂಟಿಸಿದ್ದರು, ಅದರ ಆಕಾರ ಯಾರಿಗೂ ತಿಳಿಯಬಾರದು ಅಂತ. ನಂಬರು ಬರೆಯುವ ಜಾಗದಲ್ಲಿ 'ಆನ್ ಟೆಸ್ಟ್' ಅಂತ ಇಂಗ್ಲಿಷಿನ ಹಲಗೆ. ಹೊರದೇಶದ ಒಂದು ಕಂಪನಿ ತನ್ನ ಹೊಸ ಲಾರಿಯನ್ನು ನಮ್ಮ ಬಿಸಿಲು, ಧೂಳು, ಹಂಪುಗಳಲ್ಲಿ ಓಡಿಸಿ ನೋಡಲು ತಂದಿತ್ತು. ಶ್ರೀರಂಗಪಟ್ಟಣದ ಹೊರಗೆ ನಡೆಯದೆ ಬಿದ್ದಿದ್ದ ಒಂದು ಕಲ್ಯಾಣ ಮಂಟಪವನ್ನು ಬಾಡಿಗೆಗೆ ಹಿಡಿದರು. ವಧೂವರರ ಕಾರು ನಿಲ್ಲುವ ಜಾಗದಲ್ಲಿ ಆ ಲಾರಿ ನಿಂತಿತು. ಅಲ್ಲಿಂದ ಪಾಂಡವಪುರ, ಚಿನಕುರಳಿ, ಕೆ.ಆರ್. ಪೇಟೆ, ಅಲ್ಲಿಂದ ನಾಗಮಂಗಲ, ಮತ್ತೆ ವಾಪಸ್ಸು. ದಿನವೂ ಅದೇ ಸುತ್ತು, ಬೆನ್ನ ಮೇಲೆ ಮರಳಿನ ಚೀಲ ಹೇರಿಕೊಂಡು.

ಓಡಿಸುವವನೂ ಹೊರದೇಶದವನೇ. ಅವನ ದೇಶದ ಹೆಸರು ಬರೆಯುವುದಿಲ್ಲ, ಅಲ್ಲಿಯೂ ಬೇರೆ ಥರದವರಿರಬಹುದು. ಬಂದ ವಾರದಲ್ಲೇ ಬಿಸಿಲಿಗೆ ಮುಖ, ಕತ್ತು, ಮೊಣಕೈ ಎಲ್ಲ ಸುಟ್ಟ ಇಟ್ಟಿಗೆಯಾಗಿ, ಚಿನಕುರಳಿಯ ಟೀ ಅಂಗಡಿಯವರು ಅವನಿಗೆ ಕೆಂಪಣ್ಣ ಅಂತ ಹೆಸರಿಟ್ಟರು. ನಾನೂ ಹಾಗೇ ಕರೆಯುತ್ತೇನೆ.

ಮಂಟಪದಲ್ಲಿ ಕಂಪನಿಯ ಕೆಲಸ ನೋಡಿಕೊಳ್ಳುತ್ತಿದ್ದವನು ಸುಂದರ್ ಎಂಬ ಇಂಜಿನಿಯರು. ನನ್ನನ್ನು ಕರೆಸಿ ವಿಷಯ ಹೇಳಿದ.

"ಇವರಿಗೆ ಇಲ್ಲಿನ ಲೈಸೆನ್ಸ್ ಬೇಕಾಗಿಲ್ಲ ಸಾರ್. ಅವರ ದೇಶದ್ದಿದೆ. ಪರೀಕ್ಷೆಗೆ ಓಡಿಸೋ ಗಾಡಿ ಅಂತ ಮೇಲಿಂದ ವಿನಾಯಿತಿ ಸಿಕ್ಕಿದೆ. ಪಕ್ಕದಲ್ಲಿ ಇಲ್ಲಿನ ಹೆವಿ ಲೈಸೆನ್ಸ್ ಇರೋರೊಬ್ಬರು ಕೂತಿರಬೇಕು, ಅಷ್ಟೇ ಷರತ್ತು."

"ರಿವರ್ಸಲ್ಲಿ ತಿರುಗಿಸಿ ತೋರಿಸಬೇಕಾಗಿಲ್ವಾ?"

"ಇಲ್ಲ ಸಾರ್."

"ಏರಲ್ಲಿ ನಿಲ್ಲಿಸಿ, ಹಿಂದಕ್ಕೆ ಜಾರದ ಹಾಗೆ ಎತ್ತಬೇಕಾಗಿಲ್ವಾ?"

ಸುಂದರ್ ನಕ್ಕ. "ಆ ಲಾರಿ ಜಾರು ಅಂದ್ರೂ ಜಾರಲ್ಲ ಸಾರ್."

ನಕ್ಕ ಅಂತ ಬರೆದೆ. ಆ ನಗುವನ್ನು ನಾನೇ ಅವನ ಮುಖಕ್ಕೆ ಆಮೇಲೆ ಅಂಟಿಸಿದ್ದರೂ ಅಂಟಿಸಿರಬಹುದು. ಆದರೆ ನನಗೆ ಹೊಟ್ಟೆ ಉರಿದದ್ದು ನಿಜ. ನಮ್ಮವರು ಈ ಲೈಸೆನ್ಸಿಗೆ ಪಡುವ ಪಾಡನ್ನು ಕಂಡವನು ನಾನು. ಕ್ಯಾತನಹಳ್ಳಿಯ ನಿಂಗರಾಜು ಎರಡು ಸಲ ಫೇಲಾಗಿ, ಮೂರನೆಯ ಸಲ ನನ್ನ ಮುಂದೆ ನಿಂತು, "ಮೇಷ್ಟ್ರೆ, ಈ ಸಲ ಆಗ್ನಿಲ್ಲ ಅಂದ್ರೆ ಟ್ರಾಕ್ಟರ್ ಮಾರ್ಬುಟ್ಟು ಹಸ ಕಟ್ತೀನಿ," ಅಂದಿದ್ದ. ಪಾಸಾದ ದಿನ ಆ ಕಾರ್ಡನ್ನು ಎದೆಯ ಜೇಬಿಗೆ ಹಾಕಿಕೊಂಡು, ಕೈ ಅದರ ಮೇಲೇ ಇಟ್ಟುಕೊಂಡು ಬಸ್ಸು ಹತ್ತಿ ಹೋದ. ಇಲ್ಲಿ ಇನ್ನೊಬ್ಬ ವಿಮಾನ ಇಳಿದು ಬಂದು ಸೀಟಿನಲ್ಲಿ ಕೂತ.

ಆದರೂ ಕೆಲಸಕ್ಕೆ ಒಪ್ಪಿದೆ. ಆ ಲಾರಿಯ ಒಳಗನ್ನು ನೋಡಬೇಕಿತ್ತು.

ಎಡ ಸೀಟಿನಲ್ಲಿ ಕೂತ ದಿನಗಳನ್ನು ಒಂದರ ಹಿಂದೊಂದು ಇಡಲು ನನಗೆ ಬರುವುದಿಲ್ಲ. ಎಲ್ಲ ಒಂದೇ ದಿನವಾಗಿ ಉಳಿದಿವೆ. ಕೆಂಪಣ್ಣ ಗ್ಲೌಸು ಹಾಕಿಕೊಂಡು ಸ್ಟೇರಿಂಗ್ ಹಿಡಿಯುತ್ತಿದ್ದ. ಹಾರನ್ ಒತ್ತುತ್ತಿರಲಿಲ್ಲ. ಎಮ್ಮೆ ಅಡ್ಡ ಬಂದರೆ ಎಮ್ಮೆಗೆ ತೋಚುವವರೆಗೆ ಕಾಯುತ್ತಿದ್ದ, ಹಿಂದೆ ಬಸ್ಸಿನವರು ಅವನ ತಾಯಿಯನ್ನೆಲ್ಲ ನೆನೆಯುತ್ತಿದ್ದರು. ಪ್ರತಿಯೊಂದಕ್ಕೂ ಯಾಕೆ ಅಂತ ಕೇಳುತ್ತಿದ್ದ. ಇವರು ಯಾಕೆ ರಸ್ತೆಯಲ್ಲಿ ರಾಗಿ ಹರಡಿದ್ದಾರೆ? ಯಾಕೆ ಇಷ್ಟು ಕಬ್ಬು ಹೇರುತ್ತಾರೆ? ಅವನು ಇಂಗ್ಲಿಷಿನಲ್ಲಿ ಕೇಳುತ್ತಿದ್ದ, ನಾನು ನನಗೆ ಬರುವ ಇಂಗ್ಲಿಷಿನಲ್ಲಿ ಹೇಳುತ್ತಿದ್ದೆ, ಅವನು ತಲೆಯಾಡಿಸುತ್ತಿದ್ದ. ಆ ತಲೆಯಾಡಿಸುವುದನ್ನು ಸಹಿಸಲು ನನಗೆ ಆಗುತ್ತಿರಲಿಲ್ಲ. ಅದರಲ್ಲಿ ತಿಳಿದ ಭಾವವಿತ್ತು.

ಇನ್ನೊಂದು ಚಾಳಿ. ರಸ್ತೆಯಲ್ಲಿ ಏನಾದರೂ ಬಿದ್ದಿದ್ದರೆ ಲಾರಿ ನಿಲ್ಲಿಸಿ, ಇಳಿದು ಹೋಗಿ ತೆಗೆದು ಪಕ್ಕಕ್ಕಿಡುತ್ತಿದ್ದ. ಶ್ರೀರಂಗಪಟ್ಟಣದ ಹತ್ತಿರ ತೆಂಗಿನ ಗರಿ. ನಾಗಮಂಗಲದ ದಾರಿಯಲ್ಲಿ ಹರಿದ ಟೈರಿನ ತುಂಡು. ತೆಗೆದವನು ಎಸೆಯುತ್ತಿರಲಿಲ್ಲ, ಇಡುತ್ತಿದ್ದ. ಕೈ ಝಾಡಿಸಿಕೊಂಡು ಬಂದು ಕೂರುವಾಗ ಮುಖದಲ್ಲಿ ಒಂದು ಸಮಾಧಾನ.

"ಅದು ನಿನ್ನ ಕೆಲಸವಲ್ಲ," ಅಂತ ಒಂದು ಸಲ ಹೇಳಿದೆ.

"ಅದು ಎಲ್ಲರ ಕೆಲಸ," ಅಂದ.

ಅವನ ಪುಣ್ಯದ ಮಾತುಗಳಲ್ಲಿ ಒಂದೂ ನನಗೆ ಮರೆತಿಲ್ಲ. ಅದಕ್ಕೇ ಅವನ ಮೇಲಿನ ಸಿಟ್ಟು ಹಾಳಾಗದೆ ಉಳಿದಿದೆ.

ಆ ಬೆಳಿಗ್ಗೆ ನಾನು ಲಾರಿಯಲ್ಲಿರಲಿಲ್ಲ. ನನ್ನ ಸ್ಕೂಲಿನವರಿಗೆ ಲೈಸೆನ್ಸ್ ಪರೀಕ್ಷೆ ಇತ್ತು, ಅವರನ್ನು ಕರೆದುಕೊಂಡು ಹೋಗಬೇಕಿತ್ತು. ಮೊದಲೇ ತಿಳಿಸಿದ್ದೆ. ನನ್ನ ಬದಲಿಗೆ ಸುಂದರ್ ಎಡ ಸೀಟಿನಲ್ಲಿ ಕೂತ. ಅವನ ಹತ್ತಿರವೂ ಹೆವಿ ಲೈಸೆನ್ಸ್ ಇತ್ತು. ಅವನು ಓಡಿಸಿದ್ದನ್ನು ಮಾತ್ರ ನಾನು ಯಾವತ್ತೂ ನೋಡಿಲ್ಲ.

ಅವತ್ತು ಮಂಜಿತ್ತು ಅಂತ ಎಲ್ಲರಿಗೂ ಹೇಳುತ್ತ ಬಂದಿದ್ದೇನೆ. ಸೇತುವೆ ಕಾಣದಷ್ಟು ಮಂಜು, ಕಾಲುವೆ ನೀರಿನ ಮೇಲೆ ಹೊಗೆ. ಆದರೆ ನಾನು ಅಲ್ಲಿರಲೇ ಇಲ್ಲ. ಆ ಮಂಜು ನಿಂಗರಾಜು ಹೇಳಿದ್ದು. ಅವನ ಬಾಯಿಂದ ನನ್ನ ಕಣ್ಣಿಗೆ ಬಂದು ಕೂತಿದೆ.

ನಡೆದದ್ದು ಇಷ್ಟು. ನಿಂಗರಾಜು ಎರಡು ಟ್ರೈಲರ್ ಕಬ್ಬು ಎಳೆದುಕೊಂಡು ಮಾಕವಳ್ಳಿಯ ಸಕ್ಕರೆ ಫ್ಯಾಕ್ಟರಿ ಕಡೆಗೆ ಹೊರಟಿದ್ದ. ಸೇತುವೆ ಹತ್ತಿರ ಹಿಂದಿನ ಟ್ರೈಲರಿನ ಆಕ್ಸಲ್ಲು ಮುರಿಯಿತು. ಫ್ಯಾಕ್ಟರಿಯಲ್ಲಿ ಅವನ ಸರದಿ ತಪ್ಪಿದರೆ ಕಡಿದ ಕಬ್ಬು ಬಿಸಿಲಲ್ಲಿ ಒಣಗುತ್ತದೆ. ಹಿಂದಿನ ಟ್ರೈಲರ್ ಕಳಚಿ ಅಲ್ಲೇ ಬಿಟ್ಟು, ಮುಂದಿನದನ್ನು ಎಳೆದುಕೊಂಡು ಹೋದ. ಬರುವಾಗ ಫಿಟ್ಟರನ್ನು ಕರೆತರುವುದು ಅಂತ. ಹೋಗುವ ಮುಂಚೆ ಈ ಕಡೆಯ ಯಾವ ಡ್ರೈವರನೂ ಮರೆಯದ ಕೆಲಸ ಮಾಡಿದ. ಕಾಲುವೆ ಏರಿಯಿಂದ ದಪ್ಪ ಕಲ್ಲುಗಳನ್ನು ತಂದು ಟ್ರೈಲರಿನ ಹಿಂದೆ ರಸ್ತೆಯ ಮೇಲೆ ಸಾಲಾಗಿ ಇಟ್ಟ. ಮಚ್ಚಿನಿಂದ ಲಕ್ಕಿ ಕೊಂಬೆ ಕಡಿದು ಇನ್ನೂ ಹಿಂದಕ್ಕೆ, ದೂರದಿಂದಲೇ ಕಾಣುವ ಹಾಗೆ ಹಾಕಿದ. ಹಸಿರು ಕಂಡರೆ ನಿಧಾನ ಮಾಡು, ಕಲ್ಲು ಕಂಡರೆ ಬಲಕ್ಕೆ ಸರಿ. ಯಾರೂ ಕಲಿಸದ ಪಾಠ ಇದು, ಎಲ್ಲರಿಗೂ ಬರುತ್ತದೆ.

ಅವನು ಹೋದ ಮೇಲೆ, ಡೇರಿಗೆ ಹಾಲಿನ ಕ್ಯಾನು ಕಟ್ಟಿಕೊಂಡು ಬೈಕಿನಲ್ಲಿ ಬಂದ ಚಿನಕುರಳಿಯ ರಾಮಚಂದ್ರು ನೇರ ಆ ಟ್ರೈಲರಿಗೆ ಗುದ್ದಿದ. ಜೀವ ಉಳಿಯಿತು. ಕಾಲು ಎರಡು ಕಡೆ ಮುರಿಯಿತು. ಜನ ಓಡಿ ಬಂದಾಗ ರಸ್ತೆಯಲ್ಲಿ ಹಾಲು ಹರಿದಿತ್ತು. ಕಲ್ಲಿರಲಿಲ್ಲ, ಸೊಪ್ಪಿರಲಿಲ್ಲ.

ನಿಂಗರಾಜು ಫಿಟ್ಟರನ್ನು ಕೂರಿಸಿಕೊಂಡು ವಾಪಸ್ ಬಂದಾಗ ಮೊದಲ ಏಟು ಕೆನ್ನೆಗೆ ಬಿತ್ತು. ಹೊಡೆದವನು ಅವನ ಜೊತೆಗೇ ಕಬ್ಬು ಹೊಡೆಯುವ ಇನ್ನೊಬ್ಬ ಟ್ರಾಕ್ಟರಿನವನು.

"ಕಲ್ಲಿಕ್ಕದೆ ಓದಲ್ಲೋ ಬೋಳಿಮಗನೆ!"

"ಇಕ್ಕಿದ್ದೆ ಕಣಣ್ಣಾ! ನಮ್ಮವ್ವನಾಣೆ ಇಕ್ಕಿದ್ದೆ!"

"ಎಲ್ಲವೆ ತೋರ್ಸು. ಕಲ್ಲೇನು ಕಾಲ್ಬಂದು ಎದ್ದೋದ್ವಾ?"

ಪೊಲೀಸರು ಬಂದರು. ಅಜಾಗರೂಕತೆಯ ಕೇಸಾಯಿತು. ಎದೆಯ ಜೇಬಿನಲ್ಲಿದ್ದ ಕಾರ್ಡು ಅವರ ಕೈಗೆ ಹೋಯಿತು. ಅದು ಅಮಾನತಾಗುವುದು ಖಂಡಿತ ಅಂತ ಎಲ್ಲರೂ ಹೇಳಿದರು. ಆದರೆ ನಿಂಗರಾಜುವನ್ನು ಕೊಂದದ್ದು ಅದಕ್ಕಿಂತ ಟೀ ಅಂಗಡಿ. ಅವನು ಹೋಗಿ ನಿಂತರೆ ಮಾತು ನಿಲ್ಲುತ್ತಿತ್ತು. ಗ್ಲಾಸು ಅವನ ಮುಂದೆ ಕುಕ್ಕುತ್ತಿದ್ದರು. ಕುಡಿದು ಓಡಿಸಿದವನನ್ನು ನಮ್ಮವರು ಕ್ಷಮಿಸುತ್ತಾರೆ, ಲೈಟಿಲ್ಲದೆ ಬಂದವನನ್ನು ಬೈದು ಬಿಡುತ್ತಾರೆ. ಕಲ್ಲಿಡದೆ ಹೋದವನಿಗೆ ಮರ್ಯಾದೆಯಿಲ್ಲ. ಹಿಂದೆ ಬರುವವನು ಸತ್ತರೆ ಸಾಯಲಿ ಅಂದವನು ಅವನು.

ಅವನ ಹೆಂಡತಿ ಭಾಗ್ಯ ನನ್ನ ಸ್ಕೂಲಿಗೆ ಬಂದಳು. ಕೂರು ಅಂದರೆ ಕೂರಲಿಲ್ಲ.

"ಮೇಷ್ಟ್ರೆ, ನೀವೇ ಕಲ್ಸಿರದು. ನಮ್ ಯಜಮಾನ್ರು ಕಲ್ಲಿಕ್ದೆ ಬತ್ತಾರಾ?"

"ನಾನೇನ್ ಹೇಳ್ಲಮ್ಮ, ನಾನು ಅಲ್ಲಿರ್ಲಿಲ್ಲ."

"ಅಲ್ಲಿರ್ನಿಲ್ಲ ಅನ್ನೋರೆ ಎಲ್ರೂವೆ. ಇದ್ದೋರ್ಯಾರು ಅಂತ ಕೇಳ್ಕಂಡು ಬನ್ನಿ ಅಂತ ಬಂದೆ. ಬನ್ನಿ, ಜಾಗ ನೋಡವ."

ಅವಳನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹೋದೆ. ಟ್ರೈಲರನ್ನು ಎಳೆದೊಯ್ದಿದ್ದರು. ಒಣಗಿದ ಹಾಲಿನ ಕಲೆಯ ಮೇಲೆ ನೊಣ ಇದ್ದವು. ಭಾಗ್ಯ ರಸ್ತೆಯನ್ನು ನೋಡಲಿಲ್ಲ, ಪಕ್ಕವನ್ನು ನೋಡುತ್ತ ನಡೆದಳು. ಕಾಲುವೆ ಕಡೆಯ ಬೇಲಿ ಹತ್ತಿರ ನಿಂತಳು.

"ಇಲ್ನೋಡಿ."

ಕಲ್ಲುಗಳಿದ್ದವು. ದೊಡ್ಡದರ ಪಕ್ಕ ಅದಕ್ಕಿಂತ ಚಿಕ್ಕದು, ಅದರ ಪಕ್ಕ ಇನ್ನೂ ಚಿಕ್ಕದು. ಒಂದಕ್ಕೊಂದು ಅಂಟಿಕೊಂಡಂತೆ, ದಾರ ಹಿಡಿದು ಇಟ್ಟಂತೆ. ಅವುಗಳ ಹಿಂದೆ ಲಕ್ಕಿ ಕೊಂಬೆಯನ್ನು ಉದ್ದಕ್ಕೆ ಮಲಗಿಸಿದ್ದರು. ಅದರ ತುದಿಯಲ್ಲಿ ಮಚ್ಚಿನ ಓರೆ ಏಟು ಇನ್ನೂ ಬಿಳಿಯಾಗಿತ್ತು.

ಭಾಗ್ಯ ಸೊಂಟದ ಮೇಲೆ ಕೈಯಿಟ್ಟು ನೋಡಿದಳು. "ಇದು ನಮ್ಮೋರ ಕೈಯಲ್ಲ ಮೇಷ್ಟ್ರೆ."

ಅವಳು ಹೇಳಿದ್ದು ನಿಜ. ನಮ್ಮವರು ಕಲ್ಲು ಇಡುತ್ತಾರೆ, ತೆಗೆಯುವುದಿಲ್ಲ. ಗಾಡಿ ರಿಪೇರಿಯಾಗಿ ಹೊರಟ ಮೇಲೂ ಕಲ್ಲು ರಸ್ತೆಯಲ್ಲೇ ಉಳಿದು ಇನ್ಯಾರದೋ ಟೈರು ಒಡೆಯುತ್ತದೆ. ಇದು ನಮ್ಮ ಕೆಟ್ಟ ಚಾಳಿ, ಪಾಠ ಮಾಡುವಾಗ ಇದಕ್ಕೇ ನಾನು ಎಲ್ಲರನ್ನೂ ಬೈಯುವುದು. ತೆಗೆದರೂ ಕಾಲಲ್ಲಿ ಒದ್ದು ಚರಂಡಿಗೆ ಉರುಳಿಸುತ್ತಾರೆ. ಕಲ್ಲನ್ನು ಎತ್ತಿ, ಗಾತ್ರ ನೋಡಿ, ಜೋಡಿಸಿ ಇಡುವ ಮನುಷ್ಯ ಈ ನಾಲ್ಕು ತಾಲ್ಲೂಕಿನಲ್ಲಿ ಹುಟ್ಟಿಲ್ಲ.

ಎಸೆಯದೆ ಇಡುವವನೊಬ್ಬ ನನಗೆ ಗೊತ್ತಿದ್ದ.

ಭಾಗ್ಯಳನ್ನು ಊರಿಗೆ ಬಿಟ್ಟು ನೇರ ಮಂಟಪಕ್ಕೆ ಹೋದೆ. ಊಟದ ಹೊತ್ತು. ಉದ್ದನೆಯ ಮೇಜಿನ ತುದಿಯಲ್ಲಿ ಕೆಂಪಣ್ಣ ಬೇಯಿಸಿದ ಆಲೂಗಡ್ಡೆ ಮುಂದಿಟ್ಟುಕೊಂಡು ಕೂತಿದ್ದ. ಸುಂದರ್ ಎದುರಿಗಿದ್ದ. ನಾನು ಸಿಟ್ಟು ತೋರಿಸದೆ ಕೇಳಿದೆ. ಮೊನ್ನೆ ಬೆಳಿಗ್ಗೆ ರಸ್ತೆಯಲ್ಲಿ ಏನಾದರೂ ಸಿಕ್ಕಿತಾ?

ಅವನ ಮುಖ ಅರಳಿತು. ಹೌದು, ಅಂದ. ಸೇತುವೆಯ ಹತ್ತಿರ, ಮಂಜಿನಲ್ಲಿ. ಯಾರೋ ದೊಡ್ಡ ಕಲ್ಲುಗಳನ್ನು ರಸ್ತೆಗೆ ಹಾಕಿದ್ದರು, ಮರದ ಕೊಂಬೆ ಕೂಡ. ಬೈಕಿನವರು ಬಿದ್ದರೆ ಸತ್ತೇ ಹೋಗುತ್ತಾರೆ. ನಾನು ಎಲ್ಲ ತೆಗೆದು ಸುರಕ್ಷಿತ ಮಾಡಿದೆ. ಕೈಯಲ್ಲಿ ಎತ್ತುವುದನ್ನೂ ಇಡುವುದನ್ನೂ ಮಾಡಿ ತೋರಿಸಿದ.

"ಮುಂದೆ ಕಬ್ಬಿನ ಟ್ರೈಲರ್ ನಿಂತಿದ್ದು ಕಾಣಲಿಲ್ವಾ?"

ಕಂಡಿತು, ಅಂದ. ಕಲ್ಲು ತೆಗೆದ ಮೇಲೆ, ಮುಂದಕ್ಕೆ ಹೋದಾಗ. ಇಲ್ಲಿ ಎಲ್ಲ ಕಡೆ ಏನಾದರೂ ನಿಂತೇ ಇರುತ್ತದಲ್ಲ.

ನಾನು ಹೇಳಿದೆ. ಕಲ್ಲು ಏನು, ಸೊಪ್ಪು ಏನು, ರಾಮಚಂದ್ರುವಿನ ಕಾಲು ಏನಾಯಿತು, ನಿಂಗರಾಜುವಿನ ಕೆನ್ನೆಗೆ ಏನು ಬಿತ್ತು. ಒಂದೊಂದೇ ಹೇಳಿದೆ. ಇಟ್ಟಿಗೆ ಬಣ್ಣದ ಮುಖದಿಂದ ಬಣ್ಣ ಇಳಿಯುವುದನ್ನು ನೋಡಿ ನನಗೆ ಖುಷಿಯಾಯಿತು. ಈ ಬರಹದಲ್ಲಿ ನನಗೆ ಪೂರ್ತಿ ನಂಬಿಕೆಯಿರುವ ಸಂಗತಿ ಎಂದರೆ ಆ ಖುಷಿ.

"ನನಗೆ ಹೇಗೆ ಗೊತ್ತಾಗಬೇಕು?" ಅಂದ.

"ಕೇಳಬೇಕಿತ್ತು. ಎಲ್ಲದಕ್ಕೂ ಯಾಕೆ ಯಾಕೆ ಅಂತೀಯಲ್ಲ, ಅವತ್ತು ಪಕ್ಕದಲ್ಲಿ ಕೂತವನನ್ನು ಕೇಳಬೇಕಿತ್ತು."

"ಅವರು ನಿದ್ದೆಯಲ್ಲಿದ್ದರು," ಅಂದ ಕೆಂಪಣ್ಣ.

ಸುಂದರ್ ತಟ್ಟೆ ಸರಿಸಿ ಎದ್ದ. "ಸಾರ್, ಈ ವಿಷಯ ಇಲ್ಲಿಗೆ ಬಿಡಿ. ಇವರ ಹೆಸರು ಸ್ಟೇಷನ್ ತನಕ ಹೋದ್ರೆ ವಿನಾಯಿತಿ ರದ್ದಾಗುತ್ತೆ. ಇಡೀ ಪರೀಕ್ಷೆ ನಿಲ್ಲುತ್ತೆ."

"ನಿಲ್ಲಲಿ."

"ನಿಮ್ಮ ಕೆಲಸಾನೂ ಹೋಗುತ್ತೆ."

"ನಿಮ್ಮ ಎಡ ಸೀಟಲ್ಲಿ ನಿದ್ದೆ ಮಾಡೋ ಕೆಲಸ ತಾನೆ. ನೀವೇ ಚೆನ್ನಾಗಿ ಮಾಡ್ತೀರಿ ಬಿಡಿ."

ಇಲ್ಲಿ ಕೆಂಪಣ್ಣ ಬಾಲ ಮುದುರಿಕೊಂಡು ಓಡಿ ಹೋದ ಅಂತ ಬರೆಯಲು ನನ್ನ ಕೈ ತುರಿಸುತ್ತದೆ. ಆದರೆ ಅವನು ಮರುದಿನ ಆಟೋ ಹಿಡಿದುಕೊಂಡು ಪಾಂಡವಪುರಕ್ಕೆ ಬಂದು ನನ್ನ ಸ್ಕೂಲಿನ ಬಾಗಿಲಲ್ಲಿ ನಿಂತ. ಸ್ಟೇಷನ್ನಿಗೆ ಹೋಗೋಣ ಅಂದ. ಅವನ ಒಳ್ಳೆಯತನ ನನ್ನ ಸಿಟ್ಟಿಗೆ ಅಡ್ಡ ಬಂದದ್ದು ಹೀಗೆ. ನಾನು ಅದಕ್ಕೆ ದಾರಿ ಬಿಡಲಿಲ್ಲ.

ಸ್ಟೇಷನ್ನಿನಲ್ಲಿ ಎಸ್ಸೈ ಎಲ್ಲವನ್ನೂ ಕೇಳಿದರು. ಒರಟು ಮನುಷ್ಯರೇನಲ್ಲ. ಕೆಂಪಣ್ಣನಿಗೆ ಕುರ್ಚಿ ಹಾಕಿಸಿದರು. ನಿಂಗರಾಜು ಗೋಡೆಗೆ ಒರಗಿ ನಿಂತಿದ್ದ, ಅವನಿಗೆ ಯಾರೂ ಹಾಕಿಸಲಿಲ್ಲ.

"ಇವ್ರ ಲೈಸೆನ್ಸ್ ಕೊಡಿ."

ಕೆಂಪಣ್ಣ ಅವನ ದೇಶದ ಕಾರ್ಡನ್ನೂ ವಿನಾಯಿತಿಯ ಆದೇಶವನ್ನೂ ಕೊಟ್ಟ. ಎಸ್ಸೈ ತಿರುಗಿಸಿ ಮುರುಗಿಸಿ ನೋಡಿದರು.

"ಈ ಕಾರ್ಡ್ ಮೇಲೆ ನಾವೇನೂ ಮಾಡಕ್ಕಾಗಲ್ಲ ಮೇಷ್ಟ್ರೆ. ಅಮಾನತು ಮಾಡೋಣ ಅಂದ್ರೆ ಇಲ್ಲಿ ಕೊಟ್ಟಿದ್ದೇ ಅಲ್ಲ."

"ತಪ್ಪು ಒಪ್ಕೊಂಡಿದ್ದಾನಲ್ಲ."

"ಯಾವ ತಪ್ಪು? ಇವ್ರು ಗಾಡಿ ಗುದ್ಲಿಲ್ಲ. ಕೆಟ್ಟ ಗಾಡೀನ ರಸ್ತೇಲಿ ಬಿಟ್ಟೋಗ್ಲಿಲ್ಲ. ರಸ್ತೆ ಮೇಲಿದ್ದ ಕಲ್ಲೆತ್ತಿ ಪಕ್ಕಕ್ಕಿಟ್ರು. ಅದು ತಪ್ಪು ಅಂತ ಎಲ್ಲಿದೆ? ರಸ್ತೇಲಿ ಕಲ್ಲಿಡೋದು ತಪ್ಪು ಅಂತ ಬೇಕಾದ್ರೆ ಅದೆ." ನಿಂಗರಾಜು ಕಡೆ ತಿರುಗಿದರು. "ಗಾಡಿ ಹಿಂದೆ ಕೆಂಪು ತ್ರಿಕೋನದ ಬೋರ್ಡ್ ಇಡ್ಬೇಕಿತ್ತು. ಇಟ್ಟಿದ್ದೇನಯ್ಯ?"

"ತ್ರಿಕೋನ ಯಾರಿಕ್ತಾರೆ ಸಾಮಿ? ಇಕ್ಕಿ ಈ ಕಡೆ ತಿರುಗೋದ್ರೊಳಗೆ ಎತ್ಕೊಂಡೋಯ್ತಾರೆ. ಕಲ್ಲಾದ್ರೆ ಯಾರೂ ಮುಟ್ಟಲ್ಲ ಅಂತ..." ಅಷ್ಟು ಹೇಳಿ ಕೆಂಪಣ್ಣನನ್ನು ನೋಡಿದ.

ನಾನು ನನ್ನ ಸ್ಕೂಲಿನಲ್ಲಿ ಪರೀಕ್ಷೆಗೆ ತ್ರಿಕೋನ ಕಲಿಸುತ್ತೇನೆ. ರಸ್ತೆಗೆ ಕಲ್ಲು. ಇದನ್ನು ಎಸ್ಸೈ ಮುಂದೆ ಹೇಳುವ ಹಾಗಿರಲಿಲ್ಲ, ಹೇಳಿದರೂ ಅವರಿಗೇನು ಗೊತ್ತಿಲ್ಲದ್ದಲ್ಲ.

ಕೆಂಪಣ್ಣನ ಹೇಳಿಕೆ ಬರೆದುಕೊಂಡರು. ಕೇಸಿನ ಬಿಸಿ ಸ್ವಲ್ಪ ಆರಿತು. ರಾಮಚಂದ್ರುವೂ ಆಸ್ಪತ್ರೆಯ ಹಾಸಿಗೆಯಿಂದಲೇ, "ಸೊಪ್ಪು ಕಂಡಿದ್ರೆ ನಾನೇನು ಬ್ರೇಕ್ ಇಡಿಯದೆ ಬತ್ತಿದ್ನಾ? ಅವ್ನ್ ಮೇಲೆ ನಂಗೇನಿಲ್ಲ ಬುಡಿ," ಅಂದ. ಆದರೆ ನಿಂಗರಾಜುವಿನ ಲೈಸೆನ್ಸು ಆ ಹಂಗಾಮು ಮುಗಿಯುವವರೆಗೆ ಅಮಾನತಾಯಿತು. ತ್ರಿಕೋನ ಇಟ್ಟಿರಲಿಲ್ಲವಲ್ಲ. ಇಬ್ಬರಲ್ಲಿ ಒಬ್ಬನದನ್ನು ಮಾತ್ರ ಕಿತ್ತುಕೊಳ್ಳಲು ಸಾಧ್ಯವಿತ್ತು, ಕಿತ್ತುಕೊಂಡರು. ಇನ್ನೊಬ್ಬನ ಹತ್ತಿರ ಕಿತ್ತುಕೊಳ್ಳಲು ಏನೂ ಇರಲಿಲ್ಲ. ವಿನಾಯಿತಿ ಅಂದರೆ ಏನು ಎಂಬುದು ನನಗೆ ಆಗ ತಿಳಿಯಿತು.

ಸ್ಟೇಷನ್ನಿನ ಮೆಟ್ಟಿಲಿಳಿಯುವಾಗ ನಿಂಗರಾಜು ನನ್ನ ತೋಳು ಹಿಡಿದು ನಿಲ್ಲಿಸಿದ.

"ಮೇಷ್ಟ್ರೆ, ಕಾರ್ಡ್ ಒಂಟೋಯ್ತು, ಓಗ್ಲಿ. ಇವನ್ನ ಒಂದ್ಸಲ ಸೇತುವೆತಾವ ಬರಕ್ಕೇಳಿ."

"ಯಾಕ್ಲಾ?"

"ಕಲ್ಲ ತಿರ್ಗ ಇಕ್ಲಿ. ಎಲ್ಲಿದ್ವೋ ಅಲ್ಲೇ. ಎಲ್ರೂ ನೋಡ್ಲಿ."

ಅಂದು ಸಂಜೆ, ಇನ್ನೂ ಬೆಳಕಿರುವಾಗ, ಸೇತುವೆಯ ಹತ್ತಿರ ಟೀ ಅಂಗಡಿಯ ಜನವೆಲ್ಲ ಸೇರಿತ್ತು. ಕೆನ್ನೆಗೆ ಹೊಡೆದವನೂ ಇದ್ದ. ಎರಡು ಕಡೆ ಗಾಡಿಗಳು ನಿಂತವು. ಕೆಂಪಣ್ಣ ಬೇಲಿಯ ಹತ್ತಿರದಿಂದ ಒಂದೊಂದೇ ಕಲ್ಲು ಎತ್ತಿ ತಂದು ರಸ್ತೆಯ ಮೇಲೆ ಇಡತೊಡಗಿದ. ಗ್ಲೌಸು ಹಾಕಿರಲಿಲ್ಲ. ಬೆವರು ಮೂಗಿನ ತುದಿಯಿಂದ ಇಳಿಯುತ್ತಿತ್ತು. ಆಗಲೂ ಅವನ ಕೈ ಬದಲಾಗಲಿಲ್ಲ. ಕಲ್ಲಿನ ಪಕ್ಕ ಕಲ್ಲು, ನಡುವೆ ಒಂದೇ ಅಳತೆಯ ಜಾಗ ಬಿಟ್ಟು.

"ಅಯ್ಯೋ ಇವ್ನ, ಮದ್ವೆ ಊಟಕ್ಕೆ ಎಲೆ ಹಾಕ್ತಾವ್ನಲ್ಲೋ!" ಅಂತ ಯಾರೋ ಅಂದರು. ಜನ ನಕ್ಕಿತು.

ನಿಂಗರಾಜು ನಗಲಿಲ್ಲ. ಹೋಗಿ ಒಂದು ಕಲ್ಲನ್ನು ಕಾಲಿನಲ್ಲಿ ಅತ್ತ ತಳ್ಳಿದ, ಇನ್ನೊಂದನ್ನು ಇತ್ತ. "ಅಂಗಲ್ಲ. ಇಂಗೆ. ಸೊಟ್ಟಗಿದ್ರೇನೆ ದೂರದಿಂದ ಕಾಣೋದು ಅಂತ ಏಳಿ ಮೇಷ್ಟ್ರೆ. ನೆಟ್ಟಗಿದ್ರೆ ಯಾರೋ ಸರ್ಕಾರದೋರು ಇಕ್ಕವ್ರೆ ಅಂತ ಯಾರೂ ನೋಡಲ್ಲ."

ಕೆಂಪಣ್ಣ ಸೊಟ್ಟಗೆ ಇಡಲು ಪ್ರಯತ್ನಪಟ್ಟ. ಬರಲಿಲ್ಲ. ಬಾಡಿದ ಲಕ್ಕಿ ಕೊಂಬೆಯನ್ನು ದೂರ ಹೋಗಿ ಹಾಕಿ ಬಂದ. ಹೊಡೆದವನು ನಿಂಗರಾಜುವಿನ ಹತ್ತಿರ ಬಂದು ಹೆಗಲ ಮೇಲೆ ಕೈಯಿಟ್ಟ. "ಬಾರ್ಲಾ, ಟೀ ಕುಡಿ," ಅಂದ. ಕ್ಷಮಿಸು ಅನ್ನುವುದಕ್ಕೆ ನಮ್ಮಲ್ಲಿ ಇದೇ ಮಾತು.

ಕೆಂಪಣ್ಣ ಅವನ ಮುಂದೆ ಬಂದು ಕೈ ಚಾಚಿದ. ನಿಂಗರಾಜು ಆ ಕೈಯನ್ನು ನೋಡಿದ. ಮಣ್ಣಾಗಿತ್ತು, ಒಂದು ಕಡೆ ಚರ್ಮ ಕಿತ್ತಿತ್ತು.

"ಕೈ ಬ್ಯಾಡ," ಅಂದ. "ನನ್ ಹಂಗಾಮ್ ಕೊಟ್ಟೋಗು ಅಂತ ಏಳಿ."

ನಾನು ಅದನ್ನು ಹೇಳಿದೆ. ಒಂದು ಮಾತನ್ನೂ ಮೆತ್ತಗೆ ಮಾಡಲಿಲ್ಲ. ಕೆಂಪಣ್ಣ ಏನೋ ಉತ್ತರ ಕೊಟ್ಟ. ಏನು ಅಂತ ನೆನಪಿಲ್ಲ. ಇಲ್ಲಿ ಅವನ ಬಾಯಿಗೆ ಒಂದು ದೊಡ್ಡ ಮಾತು ಹಾಕಿದರೆ ಓದುವವರಿಗೆ ಹಿತವಾಗುತ್ತದೆ. ಹಾಕುವುದಿಲ್ಲ. ನೆನಪಿನಲ್ಲಿ ಸೊಟ್ಟಗೆ ಬಿದ್ದಿರುವುದನ್ನೆಲ್ಲ ಎತ್ತಿ ಸಾಲಾಗಿ ಇಟ್ಟರೆ ಹಿಂದೆ ಬರುವವನಿಗೆ ಏನೂ ಗೊತ್ತಾಗುವುದಿಲ್ಲ, ನೇರ ಹೋಗಿ ಗುದ್ದುತ್ತಾನೆ.

ಆಮೇಲೆ ಅವನು ಎಷ್ಟು ದಿನ ಇದ್ದನೋ ಗೊತ್ತಿಲ್ಲ. ವಿನಾಯಿತಿ ರದ್ದಾಗಲಿಲ್ಲ. ಸುಂದರ್ ಎಡ ಸೀಟಿಗೆ ಬೇರೆ ಯಾರನ್ನೋ ಹುಡುಕಿದ. ಸುರುಳಿ ಸ್ಟಿಕ್ಕರಿನ ಲಾರಿ ನನ್ನ ಸ್ಕೂಲಿನ ಮುಂದೆಯೇ ಹೋಗುತ್ತಿತ್ತು, ನಾನು ಬೆನ್ನು ತಿರುಗಿಸುತ್ತಿದ್ದೆ. ಒಂದು ದಿನ ಹೋಗಲಿಲ್ಲ. ಮಂಟಪಕ್ಕೆ ಮತ್ತೆ ಬೀಗ ಬಿತ್ತು.

ನಿಂಗರಾಜು ಉಳಿದ ಹಂಗಾಮು ತನ್ನ ಟ್ರಾಕ್ಟರಿನ ಮಡ್ಗಾರ್ಡಿನ ಮೇಲೆ ಕೂತು ಕಳೆದ. ಸ್ಟೇರಿಂಗ್ ಹಿಡಿಯಲು ಅಳಿಯನನ್ನು ಕರೆಸಿಕೊಂಡಿದ್ದ. ಅಳಿಯನಿಗೆ ಗೇರು ಹಾಕಲು ಬರುತ್ತಿರಲಿಲ್ಲ. ಪ್ರತಿ ಸಲ ಗೇರು ಕರಕರ ಅಂದಾಗಲೂ ನಿಂಗರಾಜುವಿನ ಎಡಗೈ ತಾನಾಗಿಯೇ ಮುಂದಕ್ಕೆ ಹೋಗಿ ಹಿಂದಕ್ಕೆ ಬರುತ್ತಿತ್ತು. ಅದನ್ನು ನಾನು ನೋಡಿದ್ದೇನೆ. ಇದು ಯಾರ ಬಾಯಿಂದಲೂ ಬಂದದ್ದಲ್ಲ.

ಇತ್ತ ಸೊಪ್ಪಿನ ಹತ್ತಿರ ನಿಂತಿದ್ದ ಲಾರಿಯನ್ನು ಸವಿತಾ ನಿಧಾನವಾಗಿ ಎತ್ತಿದಳು. ಸೇತುವೆಯ ಹತ್ತಿರ ಬಂದಾಗ ಕಲ್ಲುಗಳು ಕಂಡವು. ಅವಳು ಬಲಕ್ಕೆ ಸರಿದು, ದಾಟಿ, ಹೇಳದೆಯೇ ನಿಲ್ಲಿಸಿದಳು. ಟ್ರೈಲರಿನ ಕೆಳಗಿಂದ ನಿಂಗರಾಜು ಹೊರಗೆ ಬಂದ. ಟೈರು ಬದಲಿಸಿ ಮುಗಿಸಿದ್ದ.

"ಏನ್ಲಾ, ಈ ಜಾಗ ಬುಟ್ರೆ ಕೆಡಕ್ಕೆ ಬ್ಯಾರೆ ಜಾಗ ಇಲ್ವಾ ನಿಂಗೆ?" ಅಂದೆ.

"ಈ ಜಾಗಕ್ಕೂ ನಂಗೂ ಋಣ ಕಣ್ ಮೇಷ್ಟ್ರೆ."

ಸವಿತಾ ಇಳಿದು ಹಿಂದಕ್ಕೆ ಹೋಗಿ ಕಲ್ಲುಗಳನ್ನು ನೋಡುತ್ತಿದ್ದಳು. "ಸಾ, ಬನ್ನಿ ಇಲ್ಲಿ," ಅಂತ ಕೂಗಿದಳು. ಕಲ್ಲುಗಳಿಗೆ ಸುಣ್ಣದ ಬಿಳಿ ಬಳಿದಿತ್ತು. ಅದರ ಮೇಲೆ ಕೆಂಪು ಪೇಂಟಿನಲ್ಲಿ, ಒಂದೊಂದರ ಮೇಲೂ, ಅವನ ಟ್ರಾಕ್ಟರಿನ ನಂಬರು.

"ಕಲ್ಲಿಗೂ ನಂಬರ್ ಬರ್ಸಿದ್ದೀಯಲ್ಲಣ್ಣ! ಇನ್ಸೂರೆನ್ಸ್ ಕಟ್ಟಿದ್ದೀಯಾ?"

"ನಗು ತಾಯಿ, ನಗು. ಯಾರಾದ್ರೂ ಎತ್ತಿಟ್ರೆ, ಇದು ನಂದು, ನಾನಿಕ್ಕಿದ್ದೆ ಅಂತ ತೋರ್ಸಕ್ಕಾದ್ರೂ ಬೇಕಲ್ಲ."

ಅವನು ಕಲ್ಲುಗಳನ್ನು ಒಂದೊಂದಾಗಿ ಎತ್ತಿ ಎದೆಗೆ ಒತ್ತಿಕೊಂಡು ತಂದು ಟ್ರಾಕ್ಟರಿನ ಹಿಂದಿನ ಪೆಟ್ಟಿಗೆಗೆ ಹಾಕಿದ. ಈ ರಸ್ತೆಯಲ್ಲಿ ಇಟ್ಟ ಕಲ್ಲನ್ನು ವಾಪಸ್ ತೆಗೆದುಕೊಂಡು ಹೋಗುವ ಡ್ರೈವರು ಅವನೊಬ್ಬನೇ. ಪೆಟ್ಟಿಗೆಯ ಮುಚ್ಚಳ ಹಾಕಿ, ಎದೆಯ ಜೇಬನ್ನು ಒಮ್ಮೆ ಮುಟ್ಟಿ ನೋಡಿಕೊಂಡು ಹತ್ತಿ ಕೂತ.

ಆ ಲಾರಿಗೆ ನಂಬರಿರಲಿಲ್ಲ. ಅದನ್ನು ಓಡಿಸಿದವನಿಗೆ ಲೈಸೆನ್ಸ್ ಬೇಕಿರಲಿಲ್ಲ. ನಮ್ಮವನಿಗೆ ಲೈಸೆನ್ಸೂ ಬೇಕಾಯಿತು, ಅವನ ಕಲ್ಲಿಗೆ ನಂಬರೂ.